ಭಾಗೀರಥಿಯನ್ನು ಕೇಳಿದವರಾರು?

ಭಯವು ಮನೆಯನ್ನು ಹೊಕ್ಕಾಗ ಮೊದಲು ಮುಚ್ಚುವುದು ಹೆಣ್ಣುಮಕ್ಕಳ ಬಾಗಿಲು. 2024ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರು ಕೊಲೆಗೀಡಾದರು; ಒಬ್ಬಳು ಕಾಲೇಜಿನ ಆವರಣದಲ್ಲಿ, ಮತ್ತೊಬ್ಬಳು ತನ್ನ ಮನೆಯಲ್ಲಿ. ಹೆತ್ತವರ ಎದೆ ನಡುಗಿದುದು ಸಹಜ. ಆದರೆ ‘ಮಗಳನ್ನು ಓದು ಬಿಡಿಸೋಣ, ಬೇಗನೆ ಮದುವೆ ಮಾಡಿ ಮುಗಿಸೋಣ’ ಎಂಬ ನಿರ್ಣಯಕ್ಕೆ ಬರುವ ಮುನ್ನ ನಮ್ಮ ನಾಡಿನ ಒಂದು ಹಳೆಯ ಕಥೆಯನ್ನು ನೆನೆಯುವುದು ಒಳಿತು.

‘ಕೆರೆಗೆ ಹಾರ’ವನ್ನು ಅರಿಯದವರು ವಿರಳ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಸೊಸೆಯೊಬ್ಬಳನ್ನು ಬಲಿ ಕೊಡಬೇಕೆಂದಾಯಿತು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆತನ ನಡೆಯದು. ಆದ್ದರಿಂದ ಕಿರಿಯ ಸೊಸೆ ಭಾಗೀರಥಿಯ ಪಾಲಿಗೆ ಮರಣ ಬಂದಿತು. ಅವಳು ತವರಿಗೆ ಹೋದಳು. ಹೆತ್ತವರಿಗೂ ನಿಜ ಹೇಳಲಾಗದೆ ಗೆಳತಿಯೊಬ್ಬಳಿಗೆ ಮಾತ್ರ ಹೇಳಿಕೊಂಡಳು. ದಂಡಿಗೆ ಹೋಗಿದ್ದ ಗಂಡ ಮರಳಿ ಬಂದು, ನಡೆದುದನ್ನು ತಿಳಿದು, ಅದೇ ಕೆರೆಗೆ ಹಾರಿದನು.

ಈ ಕಥೆಯನ್ನು ನಾವು ಬಹುಕಾಲ ತ್ಯಾಗದ ಕಥೆಯೆಂದು ಹೊಗಳುತ್ತ ಬಂದಿದ್ದೇವೆ. ಇದು ತ್ಯಾಗವೇ? ತ್ಯಾಗವೆಂಬುದು ಸ್ವತಂತ್ರವಾದ ಮನಸ್ಸಿನ ಕ್ರಿಯೆ. ಕೊಡುವೆನೆನ್ನುವ ಹಕ್ಕಿನೊಡನೆ ಒಲ್ಲೆನೆನ್ನುವ ಹಕ್ಕೂ ಇರಬೇಕು. ತಮ್ಮ ಪ್ರಾಣವನ್ನು ಯಾರೂ ಕಸಿದುಕೊಳ್ಳುತ್ತಿಲ್ಲ, ತಾವಾಗಿಯೇ ಅದನ್ನು ಅರ್ಪಿಸುತ್ತಿರುವುದಾಗಿ ಪ್ರಭು ಯೇಸು ನುಡಿದುದರ ಅರ್ಥ ಇದೇ. ಭಾಗೀರಥಿಯನ್ನಾದರೋ ಯಾರೂ ಕೇಳಲಿಲ್ಲ. ಹಿರಿಯರ ಚಿಂತೆಗೆ ಕಿರಿಯವಳು ಬೆಲೆ ತೆತ್ತಳು. ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ನಮ್ಮ ಅಜ್ಜಿಯಂದಿರ ಲೋಕದಿಂದ ಬಂದ ಈ ಹಾಡಿನಲ್ಲಿ ಹೊಗಳಿಕೆಗಿಂತ ಅಳಲೇ ಹೆಚ್ಚು. ಅಳಲನ್ನು ಬಿಟ್ಟು ಹೊಗಳಿಕೆಯನ್ನು ಮಾತ್ರ ಎತ್ತಿಕೊಂಡವರು ಕೇಳುಗರಾದ ನಾವು.

ಪವಿತ್ರ ಬೈಬಲಿನಲ್ಲಿಯೂ ಇವಳಿಗೊಬ್ಬ ಸೋದರಿಯಿದ್ದಾಳೆ. ನ್ಯಾಯಸ್ಥಾಪಕರ ಗ್ರಂಥದ 11ನೆಯ ಅಧ್ಯಾಯದಲ್ಲಿ ಯೆಪ್ತಾಹನು ಯುದ್ಧದ ಜಯಕ್ಕಾಗಿ ಆತುರದ ಹರಕೆ ಹೊತ್ತನು. ಬೆಲೆ ತೆತ್ತವಳು ಅವನ ಒಬ್ಬಳೇ ಮಗಳು. ಅವಳ ಹೆಸರು ಕೂಡ ಅಲ್ಲಿ ಉಳಿದಿಲ್ಲ. ಉಳಿದಿರುವುದು ಒಂದು ಮಾತು: ಇಸ್ರಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಅವಳಿಗಾಗಿ ಶೋಕಿಸುತ್ತಿದ್ದರು. ಭಾನುವಾರದ ಪೂಜೆಯ ವಾಚನಗಳಲ್ಲಿ ಈ ಅಧ್ಯಾಯ ಬರುವುದಿಲ್ಲ. ಆದುದರಿಂದ ಇದನ್ನು ಮನೆಯಲ್ಲಿಯೇ ತೆರೆದು ಓದಬೇಕು.

ದೂರದ ವೇಲ್ಸ್ ನಾಡಿನಲ್ಲಿಯೂ ಇಂಥದೊಂದು ಕಥೆಯುಂಟು. 14ನೆಯ ಶತಮಾನದ ಹಸ್ತಪ್ರತಿಗಳಲ್ಲಿ ಅದು ಉಳಿದು ಬಂದಿದೆ. ಹಸುಗೂಸು ರಾತ್ರಿ ಕಾಣೆಯಾದಾಗ, ನಿದ್ದೆಹೋಗಿದ್ದ ಕಾವಲಿನ ಹೆಂಗಸರು ತಮ್ಮ ಜೀವಭಯದಿಂದ ತಾಯಿ ರಿಯಾನನ್ ರಾಣಿಯ ಮೇಲೆಯೇ ಕೊಲೆಯ ಸುಳ್ಳು ಅಪವಾದ ಹೊರಿಸಿದರು. ಅರಮನೆಯ ಬಾಗಿಲಲ್ಲಿ ಕುಳಿತು, ಬಂದವರಿಗೆಲ್ಲ ಆ ಸುಳ್ಳನ್ನು ತಾನೇ ಹೇಳಬೇಕೆಂಬ ಶಿಕ್ಷೆ ಅವಳಿಗಾಯಿತು. ಮಗು ಜೀವಂತವಾಗಿ ಮರಳಿದಾಗಲೇ ಅವಳು ನಿರಪರಾಧಿಯೆಂದು ತಿಳಿಯಿತು. ಇಲ್ಲಿಯೂ ಅನ್ಯರ ಭಯದ ಹೊರೆಯನ್ನು ಹೆಣ್ಣೊಬ್ಬಳು ಹೊತ್ತಳು.

ಈ ಕಥೆಗಳನ್ನು ಮರೆಯಬೇಕೆಂದು ನಾವು ಹೇಳುತ್ತಿಲ್ಲ, ಸರಿಯಾಗಿ ಹೇಳಬೇಕೆನ್ನುತ್ತೇವೆ. ನಮ್ಮ ಗರಗವು ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ಆ ಬಟ್ಟೆಯ ಹಿಂದೆ ಹೆಣ್ಣುಮಕ್ಕಳ ದುಡಿಮೆಯಿದೆ. ಅವರ ಕೈ ನೂತ ನೂಲಿಗೆ ಬೆಲೆಯಿರುವಂತೆ ಅವರ ಬಾಯಿಯ ಮಾತಿಗೂ ಬೆಲೆಯಿರಬೇಡವೇ?

ತಂದೆತಾಯಿಗಳ ಭಯ ಸುಳ್ಳಲ್ಲ. ರಕ್ಷಣೆ ಬೇಕು, ಕಾನೂನು ಬಿಗಿಯಾಗಬೇಕು, ಗಂಡುಮಕ್ಕಳಿಗೆ ಮನೆಯಲ್ಲಿ ಬುದ್ಧಿ ಹೇಳಬೇಕು. ಆದರೆ ಅಪರಾಧ ಮಾಡಿದವನೊಬ್ಬ, ಓದು ಬಿಟ್ಟವಳು ಇನ್ನೊಬ್ಬಳು ಎಂದಾದರೆ ಅದು ರಕ್ಷಣೆಯಲ್ಲ. ಮತ್ತೊಂದು ಕೆರೆಗೆ ಮತ್ತೊಂದು ಹಾರ. ಈ ವಾರ ಸಂಜೆಯ ಜಪಮಾಲೆ ಮುಗಿದ ಮೇಲೆ ಮನೆಯವರೆಲ್ಲ ಕುಳಿತು ಭಾಗೀರಥಿಯ ಕಥೆಯನ್ನು ಹೇಳಿರಿ. ಬಳಿಕ ಮಗಳನ್ನು, ಸೊಸೆಯನ್ನು ಕೇಳಿರಿ: ‘ತಾಯಿ, ನಿನ್ನ ಮನಸ್ಸಿನಲ್ಲಿ ಏನಿದೆ?’ ಉತ್ತರ ಬರುವವರೆಗೆ ಹಿರಿಯರು ಸುಮ್ಮನಿರಲಿ.