ನಿದ್ದೆಯಲ್ಲಿ ನವೀಕರಣ ಬೇಡ

2024ರ ಜೂನ್‌ನಲ್ಲಿ ಹನ್ನೆರಡು ಬೋಗಿಗಳ ಲೋಕಲ್ ರೈಲುಗಳಿಗಾಗಿ ಸಿಯಾಲ್ದಾದ 1ರಿಂದ 5ರವರೆಗಿನ ಪ್ಲಾಟ್‌ಫಾರ್ಮುಗಳನ್ನು ರೈಲ್ವೆಯು ಮೊದಲೇ ಸಾರಿ, ಮುಚ್ಚಿ, ಹಿಗ್ಗಿಸಿತು. ಜೆಂಟೂ ಲಿನಕ್ಸ್ ಬಳಸುವ ನಮ್ಮಲ್ಲಿ ಹಲವರು ಮಾತ್ರ ಇಡೀ ವ್ಯವಸ್ಥೆಯನ್ನು ಮಧ್ಯರಾತ್ರಿಯ ಕ್ರಾನ್‌ಗೆ ಒಪ್ಪಿಸಿ ಮಲಗುತ್ತೇವೆ.

ಇದನ್ನು ನಾವು ಒಪ್ಪೆವು. ಆಕರವನ್ನು ತಂದು ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡುವುದರ ಅರ್ಥವೇ ಆಯ್ಕೆ ನಮ್ಮದು ಎಂಬುದು. ಬದಲಾದ ಯೂಸ್ ಫ್ಲ್ಯಾಗ್, ವಿಲೀನಕ್ಕೆ ಕಾದ ಸಂರಚನಾ ಕಡತ, ಓದಲೇಬೇಕಾದ ಸೂಚನೆ: ಇವುಗಳನ್ನು ಕ್ರಾನ್ ತೂಗಿ ನೋಡಲಾರದು.

ತಡಮಾಡಿದರೆ ಭದ್ರತೆಗೆ ಕುಂದಲ್ಲವೇ ಎನ್ನುವವರಿದ್ದಾರೆ. ಅದೇ ವರ್ಷದ ಮಾರ್ಚ್‌ನಲ್ಲಿ ಎಕ್ಸ್‌ಝಡ್‌ನ ಹೊಸ ಆವೃತ್ತಿಗಳಾದ 5.6.0, 5.6.1ರಲ್ಲೇ ಹಿಂಬಾಗಿಲು ಪತ್ತೆಯಾಯಿತು, ಹೊಸದೆಲ್ಲವೂ ಸುರಕ್ಷಿತವಲ್ಲ.

ಸಿಂಕ್, ಡೌನ್‌ಲೋಡ್, ಬದಲಾವಣೆಗಳ ಪಟ್ಟಿ ಯಂತ್ರಕ್ಕಿರಲಿ. ಹಸಿರು ನಿಶಾನೆ ಮಾತ್ರ ಪಟ್ಟಿ ಓದಿದ ಮನುಷ್ಯನ ಕೈಯಲ್ಲಿರಲಿ.