ಒಂಟಿ ಗಿಡಕ್ಕೆ ಬೀಜವಿಲ್ಲ

ಪ್ರಿಮ್‌ರೋಸ್ ಹೂವಿನ ಬಾಯೊಳಗೆ ಇಣುಕಿ ನೋಡಿದರೆ ಎರಡರಲ್ಲಿ ಒಂದು ಕಾಣುತ್ತದೆ. ಕೆಲವು ಗಿಡಗಳ ಹೂಗಳಲ್ಲಿ ನಟ್ಟನಡುವೆ ಗುಂಡುಸೂಜಿಯ ತಲೆಯಂಥ ಒಂದು ಸಣ್ಣ ಬೊಟ್ಟು ಇರುತ್ತದೆ, ಅದು ಶಲಾಕಾಗ್ರ. ಇನ್ನು ಕೆಲವು ಗಿಡಗಳಲ್ಲಿ ಆ ಬೊಟ್ಟು ಕೊಳವೆಯ ಒಳಗೆಲ್ಲೋ ಅಡಗಿದ್ದು, ಬಾಯಿಯ ಹತ್ತಿರ ಐದು ಪರಾಗಕೋಶಗಳು ಗುಂಪಾಗಿ ನಿಂತಿರುತ್ತವೆ. ಇಂಗ್ಲೆಂಡಿನ ತೋಟಗಾರರು ಮೊದಲನೆಯದನ್ನು ‘ಪಿನ್’ ಎಂದರು, ಎರಡನೆಯದನ್ನು ‘ಥ್ರಮ್’ ಎಂದರು. ಥ್ರಮ್ ನೇಕಾರರ ಮಾತು. ನೇಯ್ದ ಬಟ್ಟೆಯನ್ನು ಕತ್ತರಿಸಿ ತೆಗೆದ ಮೇಲೆ ಮಗ್ಗದಲ್ಲಿ ಉಳಿಯುವ ಹಾಸುನೂಲಿನ ತುಂಡುಗಳಿಗೆ ಆ ಹೆಸರು.

ಒಂದು ಗಿಡದಲ್ಲಿ ಬಿಡುವ ಹೂಗಳೆಲ್ಲ ಒಂದೇ ಬಗೆಯವು. ಪಿನ್ ಗಿಡ ಕೊನೆತನಕ ಪಿನ್, ಥ್ರಮ್ ಗಿಡ ಕೊನೆತನಕ ಥ್ರಮ್. ಈ ವ್ಯತ್ಯಾಸ ಯಾತಕ್ಕೆಂದು ಚಾರ್ಲ್ಸ್ ಡಾರ್ವಿನ್ ಕೈಯಾರೆ ಪರಾಗಸ್ಪರ್ಶ ಮಾಡಿ, ಬೀಜ ಎಣಿಸಿ ನೋಡಿದ. 1862ರಲ್ಲಿ ಅಚ್ಚಾದ ಅವನ ಪ್ರಬಂಧದ ತಿರುಳು ಸರಳವಾಗಿದೆ: ಪಿನ್ ಹೂವಿಗೆ ಥ್ರಮ್‌ನ ಪರಾಗ, ಥ್ರಮ್‌ಗೆ ಪಿನ್‌ನ ಪರಾಗ ಸಿಕ್ಕರೆ ಬೀಜ ಚೆನ್ನಾಗಿ ಕಟ್ಟುತ್ತದೆ, ತನ್ನ ಬಗೆಯದೇ ಪರಾಗ ಬಿದ್ದರೆ ಬೀಜ ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಸ್ಕಾಟ್ಲೆಂಡಿನ ಉತ್ತರ ಕರಾವಳಿಯಲ್ಲೂ ಆರ್ಕ್ನಿ ದ್ವೀಪಗಳಲ್ಲೂ ಮಾತ್ರ ಬೆಳೆಯುವ ಪುಟ್ಟ ಪ್ರಿಮುಲಾ ಸ್ಕಾಟಿಕಾದಂಥ ಕೆಲವು ತನ್ನಷ್ಟಕ್ಕೆ ತಾನೇ ಬೀಜ ಕಟ್ಟಿಕೊಳ್ಳುತ್ತವೆ. ಪ್ರಿಮುಲಾ ಕುಲದ ಬಹುಪಾಲು ಪ್ರಭೇದಗಳಿಗೆ ಮಾತ್ರ ಜೊತೆ ಬೇಕೇ ಬೇಕು.

ಅಪರೂಪದ ಪ್ರಿಮ್‌ರೋಸ್ ಬೆಳೆಸುವ ಹವ್ಯಾಸದ ಬಗ್ಗೆ ಏನು ಹೇಳುವುದಿದ್ದರೂ ಇಲ್ಲಿಂದಲೇ ಶುರುಮಾಡಬೇಕು. ಏಕೆಂದರೆ ಆ ಹವ್ಯಾಸದ ಒಂದು ಮುಖ ಈ ಸತ್ಯಕ್ಕೆ ಬೆನ್ನು ಹಾಕಿ ನಿಂತಿದೆ. ಬೇರೆ ಯಾರ ಬಳಿಯೂ ಇಲ್ಲದ ಒಂದು ಗಿಡ ತನ್ನ ಬಳಿ ಇದೆ ಎನ್ನುವುದು ಸಂಗ್ರಾಹಕನ ಹೆಮ್ಮೆ. ಗಿಡದ ಕಡೆಯಿಂದ ನೋಡಿದರೆ ಆ ಒಂಟಿತನವೇ ಅದರ ಕೊನೆ.

ಈ ಗಿಡಗಳನ್ನು ಬದುಕಿಸುವುದು ಸಣ್ಣ ವಿದ್ಯೆಯಲ್ಲ, ಅದನ್ನು ಒಪ್ಪಲೇಬೇಕು. ಪ್ರಿಮುಲಾ ಕುಲದಲ್ಲಿ 400ಕ್ಕೂ ಹೆಚ್ಚು ಪ್ರಭೇದಗಳಿವೆ. ಹಿಮಾಲಯ ಮತ್ತು ಪಶ್ಚಿಮ ಚೀನಾದ ಬೆಟ್ಟಗಳೇ ಅವುಗಳ ದೊಡ್ಡ ತವರು. ಅಲ್ಲಿನ ಎತ್ತರದ ಇಳಿಜಾರುಗಳಲ್ಲಿ ಗಿಡ ಚಳಿಗಾಲವಿಡೀ ಹಿಮದ ಕೆಳಗೆ ಮಲಗಿರುತ್ತದೆ. ಹಿಮದ ಹೊದಿಕೆಯೊಳಗೆ ಚಳಿ ಒಂದೇ ಸಮನಾಗಿರುತ್ತದೆ, ಮೊಗ್ಗಿನ ಮೇಲೆ ಮಳೆನೀರು ನಿಲ್ಲುವುದಿಲ್ಲ. ನೀರು ಬರುವುದು ಹಿಮ ಕರಗುವಾಗ, ಆಮೇಲೆ ಮುಂಗಾರಿನಲ್ಲಿ. ಬ್ರಿಟನ್ನಿನಲ್ಲಿ ಇದೆಲ್ಲ ತಿರುವುಮುರುವು: ಚಳಿಗಾಲದಲ್ಲಿ ಜಿಟಿಜಿಟಿ ಮಳೆ, ರಾತ್ರಿ ಹೆಪ್ಪುಗಟ್ಟಿ ಬೆಳಗ್ಗೆ ಕರಗುವ ನೆಲ. ಪಶ್ಚಿಮ ಹಿಮಾಲಯದ ಪ್ರಿಮುಲಾ ರೀಡಿಯೈ, ಘಮಘಮಿಸುವ ಬಿಳಿ ಗಂಟೆಗಳ ಗಿಡ, ಅಲ್ಲಿ ಚಳಿಗೆ ಸಾಯುವುದಿಲ್ಲ. ಚಳಿಗಾಲದ ತೇವಕ್ಕೆ ಕೊಳೆಯುತ್ತದೆ. ಅದಕ್ಕೇ ಬೆಳೆಗಾರರು ಗಿಡದ ಮೇಲೆ ಗಾಜಿನ ಹಲಗೆ ಇಡುತ್ತಾರೆ, ಇಲ್ಲವೇ ಗಾಳಿಯಾಡುವ ಗಾಜಿನ ಮನೆಯಲ್ಲಿ ಸಾಕುತ್ತಾರೆ.

ಕಲ್ಲುತೋಟ ಎನ್ನುವುದೂ ಅಂದಕ್ಕಾಗಿ ಹುಟ್ಟಿದ ಏರ್ಪಾಡು ಮಾತ್ರವಲ್ಲ. ಫ್ರಾನ್ಸ್-ಇಟಲಿ ಗಡಿಯ ಆಲ್ಪ್ಸ್‌ನಲ್ಲಿ ಪ್ರಿಮುಲಾ ಅಲಿಯೋನಿಯೈ ಸುಣ್ಣಕಲ್ಲಿನ ಕಡಿದಾದ ಬಂಡೆಗಳ ಬಿರುಕಿನಲ್ಲಿ ಬೆಳೆಯುತ್ತದೆ. ಬೇರು ಕಲ್ಲಿನೊಳಗೆ ಆಳಕ್ಕೆ ಇಳಿದು ತಂಪಾಗಿರುತ್ತದೆ, ಬುಡ ಒಣಗಿರುತ್ತದೆ. ಚೆಕ್ ನಾಡಿನ ತೋಟಗಾರರು ಚಪ್ಪಡಿಗಳನ್ನು ಒತ್ತೊತ್ತಾಗಿ ನೆಟ್ಟಗೆ ನಿಲ್ಲಿಸಿ, ನಡುವೆ ಜಲ್ಲಿಮರಳು ತುಂಬಿ, ಅದೇ ಬಿರುಕುಗಳನ್ನು ಮನೆಯಂಗಳದಲ್ಲಿ ಕಟ್ಟುವುದರಲ್ಲಿ ಹೆಸರಾದರು. ಸಿಕ್ಕಿಂ, ಟಿಬೆಟ್, ಯುನ್ನಾನ್‌ಗಳ ಎತ್ತರದ ಗಿಡಗಳಿಗೆ ಬೇಕಾದದ್ದು ಬೇರೆ: ಮರದ ಚುಕ್ಕಿನೆರಳು, ಎಲೆಗೊಬ್ಬರದ ಕಪ್ಪು ಮಣ್ಣು, ಬೇಸಿಗೆಯಲ್ಲೂ ಆರದ ತೇವ. ಸ್ಕಾಟ್ಲೆಂಡಿನ ತಂಪು ಬೇಸಿಗೆಯಲ್ಲಿ ತೊರೆಯ ದಡದ ಪ್ರಿಮುಲಾ ಫ್ಲೋರಿಂಡೆ ಸೊಂಟದೆತ್ತರಕ್ಕೆ ಹಳದಿ ಗೊಂಚಲು ಎತ್ತಿ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿಯೂ ಏಷ್ಯಾದ ಹಲವು ಪ್ರಿಮುಲಾಗಳ ಆಯುಸ್ಸು ಕೆಲವೇ ವರ್ಷ. ಎಷ್ಟು ಚೆನ್ನಾಗಿ ನೋಡಿಕೊಂಡರೂ ಅವು ಹೋಗುತ್ತವೆ. ಬುಡ ಬಿಡಿಸಿ ನೆಟ್ಟು ಉಳಿಸಿಕೊಳ್ಳುತ್ತೇನೆಂದರೆ, ಹಾಗೆ ವರ್ಷಗಟ್ಟಲೆ ಬಿಡಿಸಿದ ಗಿಡಗಳಲ್ಲಿ ವೈರಸ್ಸು ಸೇರಿಕೊಳ್ಳುವ ಭಯ. ಕೊನೆಗೆ ಉಳಿಯುವ ದಾರಿ ಬೀಜ. ಬೀಜಕ್ಕೆ ಎರಡೂ ಬಗೆಯ ಹೂವಿನ ಗಿಡಗಳು ಬೇಕು, ಎಂದರೆ ಕಡೇಪಕ್ಷ ಎರಡು ಗಿಡ. ವಂಶ ಗಟ್ಟಿಯಾಗಿ ಮುಂದುವರಿಯಬೇಕಾದರೆ ಇನ್ನೂ ಹಲವು. ಆದ್ದರಿಂದ ಅಪರೂಪದ ಗಿಡವನ್ನು ಉಳಿಸಿದವರು ಯಾರು ಎಂಬ ಪ್ರಶ್ನೆಗೆ, ಹತ್ತು ವರ್ಷ ಒಂದೇ ಗಿಡವನ್ನು ಗಾಜಿನಡಿ ಕಾಪಾಡಿದವರ ಹೆಸರು ಉತ್ತರವಾಗಲಾರದು. ಪ್ರತಿವರ್ಷ ಬೀಜ ಬಿತ್ತಿ, ಸಸಿ ಹಂಚಿ, ತನ್ನ ಗಿಡ ಸತ್ತರೂ ಇನ್ನೊಬ್ಬರ ಅಂಗಳದಲ್ಲಿ ಅದು ಇದ್ದೇ ಇರುತ್ತದೆ ಎಂಬ ಸ್ಥಿತಿ ತಂದವರೇ ಉಳಿಸಿದವರು.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಆರೆಗನ್‌ನ ಫ್ಲೋರೆನ್ಸ್ ಬೆಲ್ಲಿಸ್. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಒಂದು ಹಳೆಯ ಕಣಜದ ಕೊಟ್ಟಿಗೆಯಲ್ಲಿ ವಾಸವಿದ್ದ ಆಕೆ ಇಂಗ್ಲೆಂಡಿನಿಂದ ಪ್ರಿಮ್‌ರೋಸ್ ಬೀಜ ತರಿಸಿ ಬಿತ್ತಿದರು. ಹೂವಿನಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿ, ಬೀಜದಿಂದಲೇ ಬಣ್ಣಬಣ್ಣದ ವಂಶಗಳನ್ನು ಬೆಳೆಸಿದರು. ಆ ಕೊಟ್ಟಿಗೆಯ ನೆನಪಿಗೆ ಅವಕ್ಕೆ ಬಾರ್ನ್‌ಹೇವನ್ ಎಂಬ ಹೆಸರು. 1966ರಲ್ಲಿ ಕೆಲಸ ನಿಲ್ಲಿಸುವಾಗ ಬೀಜಗಳನ್ನು ಇಂಗ್ಲೆಂಡಿನ ಕಂಬ್ರಿಯಾದ ದಂಪತಿಗೆ ಕಳಿಸಿಕೊಟ್ಟರು. ಅವರಿಂದ ಆ ವಂಶ ಮುಂದೆ ಫ್ರಾನ್ಸಿನ ಬ್ರಿಟನಿಗೆ ದಾಟಿತು. ಮೂರು ದೇಶ, ಮೂರು ಕೈ. ಯಾವ ಕೈಯಲ್ಲೂ ಅದು ಬೀಗ ಹಾಕಿದ ಆಸ್ತಿಯಾಗಲಿಲ್ಲ. ಆಗಿದ್ದರೆ ಇಂದು ಇರುತ್ತಿರಲಿಲ್ಲ.

ಇದನ್ನು ಒಪ್ಪದವರ ವಾದಗಳಲ್ಲೂ ಹುರುಳಿದೆ. ಆರಿಕ್ಯುಲಾಗಳ ಪ್ರಸಿದ್ಧ ತಳಿಗಳು ಉಳಿದದ್ದು ಬೀಜದಿಂದಲ್ಲ, ಬುಡದಲ್ಲಿ ಒಡೆಯುವ ಮರಿಗಳಿಂದ. ಲ್ಯಾಂಕಾಷೈರಿನ ಕೈಮಗ್ಗದ ನೇಕಾರರು ಮನೆಯಲ್ಲೇ ಕೂತು ನೇಯುತ್ತಿದ್ದುದರಿಂದ ಮಗ್ಗ ಬಿಟ್ಟೆದ್ದು ಗಿಡ ನೋಡಿ ಬರಬಹುದಿತ್ತು; ಎಲೆಯ ಮೇಲಿನ ಬಿಳಿ ಹಿಟ್ಟು ಮಳೆಗೆ ತೊಳೆದುಹೋಗದಂತೆ ಅವರು ಕುಂಡಗಳನ್ನು ಮರೆಗೆ ಎತ್ತಿಡುತ್ತಿದ್ದರು. ಅವರ ಪ್ರದರ್ಶನಗಳಲ್ಲಿ ಪಿನ್ ಹೂವಿಗೆ ಜಾಗವಿರಲಿಲ್ಲ, ಥ್ರಮ್ ಮಾತ್ರ ಅಂದವೆಂದು ತೀರ್ಮಾನವಾಗಿತ್ತು. ಇದೂ ಒಂದು ಪರಂಪರೆಯಲ್ಲವೇ? ಹೌದು. ಆದರೆ ಆ ತಳಿಗಳು ಮನುಷ್ಯರ ಕೈಯಲ್ಲೇ ಹುಟ್ಟಿದವು, ಕೈಯಲ್ಲೇ ಉಳಿಯಬೇಕಾದವು. ಅಲ್ಲೂ ಉಳಿದದ್ದು ಮರಿಗಳನ್ನು ಹಂಚಿಕೊಂಡ ತಳಿಗಳೇ. ಕಾಡಿನ ಪ್ರಭೇದಕ್ಕೆ ಪ್ರದರ್ಶನದ ಕಣ್ಣು ಸಲ್ಲದು. ಆ ಕಣ್ಣು ಬೇಡವೆಂದು ಬದಿಗಿಟ್ಟದ್ದು ವಂಶಕ್ಕೆ ಬೇಕಾದ ಅರ್ಧ ಭಾಗ.

ಒಂಟಿ ಗಿಡ ಬೀಜ ಕೊಟ್ಟ ಕಥೆಯೂ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಹಿಮಾಲಯದ ಪ್ರಿಮುಲಾ ಫ್ಲೋರಿಬಂಡಾ ಮತ್ತು ಅರೇಬಿಯದ ಪ್ರಿಮುಲಾ ವರ್ಟಿಸಿಲೇಟಾಗಳ ನಡುವೆ ತಾನಾಗಿ ಒಂದು ಮಿಶ್ರತಳಿ ಹುಟ್ಟಿತು. ಅದು ಬಂಜೆ. ಮುಂದೊಮ್ಮೆ ಕೊಂಬೆಯೊಂದರಲ್ಲಿ ಕ್ರೋಮೋಸೋಮುಗಳು 18ರಿಂದ 36ಕ್ಕೆ ಇಮ್ಮಡಿಯಾಗಿ ಬೀಜ ಕಟ್ಟಿತು. ತಳಿವಿಜ್ಞಾನದ ಪಠ್ಯಗಳಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಅಂಥದು ಅಪರೂಪಕ್ಕೆ ಆಗುವುದರಿಂದ. ಅದನ್ನು ನಂಬಿ ತೋಟ ಮಾಡಲಾಗದು.

ಇನ್ನು ಭಾರತದ ಮಾತು. ದೆಹಲಿ, ಪುಣೆ, ಹೈದರಾಬಾದುಗಳಿಂದ ಉತ್ತರಾಖಂಡಕ್ಕೋ ಸಿಕ್ಕಿಮ್ಮಿಗೋ ಹೋಗಿಬರುವವರು ಹೆಚ್ಚುತ್ತಿದ್ದಾರೆ. ನೇರಳೆ ಚೆಂಡಿನಂಥ ಪ್ರಿಮುಲಾ ಡೆಂಟಿಕ್ಯುಲೇಟಾವನ್ನು ದಾರಿಬದಿಯಲ್ಲಿ ಕಂಡಾಗ, ಒಂದು ಬುಡ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳುವ ಆಸೆ ಯಾರಿಗಾದರೂ ಬರಬಹುದು. ಹೂವಿನ ಕಣಿವೆಯಂಥ ರಾಷ್ಟ್ರೀಯ ಉದ್ಯಾನದಲ್ಲಿ ಅದು ಅಪರಾಧ. ಕಾನೂನು ಮುಟ್ಟದ ಜಾಗದಲ್ಲೂ ಅದು ಅವಿವೇಕ. ನಲವತ್ತು ಡಿಗ್ರಿ ದಾಟುವ ಮೇ ತಿಂಗಳಲ್ಲಿ ಆ ಗಿಡ ಬದುಕದು. ಚಳಿಯ ನಿದ್ದೆ ಇಲ್ಲದೆ, ತಂಪು ಬೇರಿಲ್ಲದೆ, ಪ್ರೀತಿಯಿಂದ ನೀರು ಹನಿಸಿದಷ್ಟೂ ಬೇಗ ಕೊಳೆಯುತ್ತದೆ. ಕಿತ್ತವರಿಗೆ ಹೋದದ್ದು ಒಂದು ಗಿಡ. ಇಳಿಜಾರಿನಲ್ಲಿ ಉಳಿದ ನಾಲ್ಕು ಗಿಡಗಳು ಪಿನ್ನೇ ಆಗಿದ್ದು, ಹೋದದ್ದು ಅಲ್ಲಿದ್ದ ಒಂದೇ ಥ್ರಮ್ ಆಗಿದ್ದರೆ, ಹೋದದ್ದು ಆ ಗುಂಪಿನ ಬೀಜವೆಲ್ಲ.

‘ಜೋಸೆಫ್ ಹೂಕರ್ ಸಿಕ್ಕಿಮ್ಮಿನಿಂದ ಒಯ್ಯಲಿಲ್ಲವೇ? ಫ್ರಾಂಕ್ ಕಿಂಗ್ಡನ್-ವಾರ್ಡ್ 1924ರಲ್ಲಿ ತ್ಸಾಂಗ್ಪೊ ಕಡೆ ಸಂಗ್ರಹಿಸಿದ ಗಿಡಕ್ಕೆ ಹೆಂಡತಿ ಫ್ಲೋರಿಂಡಾಳ ಹೆಸರಿಡಲಿಲ್ಲವೇ? ಈಗ ಬುದ್ಧಿವಾದ ನಮಗೇ ಏಕೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆ ತೊರೆಯ ದಡದಲ್ಲಿ ತಲೆಮಾರುಗಳಿಂದ ಬದುಕಿದವರನ್ನು ಯಾರೂ ಹೆಸರು ಕೇಳಿ ಬರೆದುಕೊಳ್ಳಲಿಲ್ಲ ಎಂಬುದು ಆ ಲ್ಯಾಟಿನ್ ಹೆಸರಿನಲ್ಲೇ ಉಳಿದಿದೆ. 1992ರ ಜೀವವೈವಿಧ್ಯ ಒಪ್ಪಂದ, ಭಾರತದ 2002ರ ಕಾಯ್ದೆ ಬಂದದ್ದು ಅಂಥ ಲೆಕ್ಕವಿಲ್ಲದ ಸಾಗಣೆಗೆ ಕಡಿವಾಣ ಹಾಕಲು. ಆದರೆ ಅನ್ಯಾಯಕ್ಕೆ ಉತ್ತರ ತಾವೂ ಬೇರು ಕೀಳುವುದಲ್ಲ. ಉತ್ತರವೆಂದರೆ, ಬೆಟ್ಟದ ಊರುಗಳ ನರ್ಸರಿಗಳಲ್ಲಿ, ಅಲ್ಲಿನವರ ಕೈಯಲ್ಲಿ, ಅಲ್ಲಿನದೇ ಪ್ರಿಮುಲಾಗಳು ಪರವಾನಗಿ ಪಡೆದು ತಂದ ಬೀಜದಿಂದ ಬೆಳೆಯಬೇಕು. ತಂಪು ಊರಿನ ತೋಟಗಳಿಗೆ ಅಲ್ಲಿಂದಲೇ ಸಸಿ ಹೋಗಬೇಕು. ದುಡ್ಡೂ ಹೆಸರೂ ಅಲ್ಲೇ ಉಳಿಯಬೇಕು.

ಬಯಲಿನಲ್ಲಿರುವವರು ಕೈಕಟ್ಟಿ ಕೂರಬೇಕಿಲ್ಲ. ದೆಹಲಿಯ ಚಳಿಗಾಲಕ್ಕೆ ಪ್ರಿಮುಲಾ ಮಲಕಾಯ್ಡಿಸ್ ಚೆನ್ನಾಗಿ ಒಗ್ಗುತ್ತದೆ. ಮಳೆ ಕಳೆದ ಮೇಲೆ ಬಿತ್ತಿದರೆ ಚಳಿ ಮುಗಿಯುವ ಹೊತ್ತಿಗೆ ಹೂ ಬಿಟ್ಟು, ಬೇಸಿಗೆಗೆ ತಾನೇ ಮುಗಿಯುತ್ತದೆ. ಬೀಜ ಧೂಳಿನಷ್ಟು ಸಣ್ಣದು. ಮಣ್ಣು ಮುಚ್ಚದೆ ಮೇಲೇ ಉದುರಿಸಿ, ನೆರಳಿನಲ್ಲಿ ತೇವ ಕಾಯಬೇಕು. ಪ್ರಿಮುಲಾ ಆಬ್‌ಕೋನಿಕಾವನ್ನು ಬರಿಗೈಯಲ್ಲಿ ಮುಟ್ಟಿದರೆ ಕೆಲವರಿಗೆ ತುರಿಕೆಯೆದ್ದು ಚರ್ಮ ಕೆಂಪಾಗುತ್ತದೆ, ಅಷ್ಟು ಜೋಪಾನ.

ಮುಂಬಯಿ, ಪುಣೆ, ಬೆಂಗಳೂರಿನವರಿಗೆ ಹತ್ತಿರದ ಕಲ್ಲುತೋಟ ಪಶ್ಚಿಮ ಘಟ್ಟವೇ. ಗೌರಿಹೂವಿನ ಕಾಡುಬಂಧುಗಳಲ್ಲಿ ಕೆಲವು ಮಳೆಗಾಲದಲ್ಲಿ ಒದ್ದೆಬಂಡೆಯ ಮೇಲೆ ಹೂಬಿಟ್ಟು, ಉಳಿದ ತಿಂಗಳು ಗೆಡ್ಡೆಯಾಗಿ ಮಲಗುತ್ತವೆ. ಪ್ರಿಮುಲಾದ ಕುಟುಂಬದವರೂ ಅಲ್ಲಿದ್ದಾರೆ: ನಾಟಿ ಮದ್ದಿನ ವಾಯುವಿಡಂಗದ ಬಳ್ಳಿಯನ್ನು ಸಸ್ಯವಿಜ್ಞಾನಿಗಳು ಈಗ ಅದೇ ಕುಟುಂಬಕ್ಕೆ ಸೇರಿಸಿದ್ದಾರೆ. ಅವುಗಳ ವಿಷಯದಲ್ಲೂ ಮಾತು ಅದೇ. ನೋಡಲು ಕಾಡಿಗೆ ಹೋಗಬೇಕು. ಬೆಳೆಸುವುದಿದ್ದರೆ ನರ್ಸರಿಯ ಬೀಜ ಬೇಕು. ಮಾರುವವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಇದು ಬೀಜದಿಂದ ಎದ್ದ ಸಸಿಯೋ, ಬೆಟ್ಟದಿಂದ ಕಿತ್ತ ಬೇರೋ? ಉತ್ತರ ತಡವರಿಸಿದರೆ ಕುಂಡವನ್ನು ಅಲ್ಲೇ ಬಿಟ್ಟು ಬರಬೇಕು.