ಮಗ್ಗಿ ಬಂದರೂ ಲೆಕ್ಕ ಬಾರದೇಕೆ?

ಕಳೆದ ಬೇಸಿಗೆ ರಜೆಗೆ ಸಿರುಗುಪ್ಪದಿಂದ ನನ್ನ ಅಕ್ಕನ ಮಗ ಬಳ್ಳಾರಿಗೆ ಬಂದಿದ್ದ. ಐದನೇ ತರಗತಿ ಮುಗಿಸಿದ ಹುಡುಗ. ಏಳರ ಮಗ್ಗಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ. ‘ಏಳೆಂಟ್ಲೆ ಎಷ್ಟು?’ ಎಂದೆ. ಮತ್ತೆ ‘ಏಳೊಂದ್ಲೆ ಏಳು’ ಎಂದು ಶುರು ಮಾಡಿ, ಬೆರಳು ಮಡಚುತ್ತಾ 56ಕ್ಕೆ ಬಂದ. ‘ನಡುವೆ ಕೇಳಿದ್ರೆ ಹೆಂಗ ಮಾಮ?’ ಎಂದು ನನ್ನನ್ನೇ ಕೇಳಿದ.

ಕುರುಗೋಡಿನಲ್ಲಿ ಇದಕ್ಕೆ ತದ್ವಿರುದ್ಧ ಅನುಭವ. ತರಕಾರಿ ಅಂಗಡಿಯಲ್ಲಿ ಅಮ್ಮನ ಜೊತೆ ಕೂತಿದ್ದ ಆರನೇ ತರಗತಿ ಹುಡುಗಿ, ಕೆ.ಜಿ.ಗೆ 40 ರೂಪಾಯಿಯಂತೆ ಒಂದೂಮುಕ್ಕಾಲು ಕೆ.ಜಿ.ಗೆ 70 ರೂಪಾಯಿ ಎಂದು ತಕ್ಷಣ ಹೇಳಿದಳು. ಅದೇ ಲೆಕ್ಕವನ್ನು 40 × 1.75 ಎಂದು ಬರೆದು ತೋರಿಸಿದರೆ, ‘ಇದು ನಮಗೆ ಇನ್ನೂ ಹೇಳಿಕೊಟ್ಟಿಲ್ಲ ಅಣ್ಣ’ ಎಂದಳು.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ನೊಬೆಲ್ ಪುರಸ್ಕೃತ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರ ಅಧ್ಯಯನವೊಂದು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ದುಡಿಯುವ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಚುರುಕು, ಪಠ್ಯದ ಲೆಕ್ಕದಲ್ಲಿ ಹಿಂದೆ. ಶಾಲೆಗಷ್ಟೇ ಹೋಗುವ ಮಕ್ಕಳದ್ದು ಇದರ ತಿರುವುಮುರುವು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ದಾಟುತ್ತಿಲ್ಲ.

ಗ್ರಾಮೀಣ ಭಾರತದ ‘ಅಸರ್ 2024’ ವರದಿಯ ಪ್ರಕಾರ, ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲ ಐದನೇ ತರಗತಿ ಮಕ್ಕಳು ಶೇ 30.7 ಮಾತ್ರ. ಭಾಗಾಕಾರ ನಿಂತಿರುವುದೇ ಮಗ್ಗಿಯ ಮೇಲೆ. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಸರಳ ಗುಣಾಕಾರ ಬರಬೇಕು ಎಂಬುದು 2021ರಲ್ಲಿ ಶುರುವಾದ ‘ನಿಪುಣ ಭಾರತ’ದ ಗುರಿ; ಗಡುವು 2026–27. ನಮ್ಮ ಕಡೆ ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಅಪ್ಪ–ಅಮ್ಮನ ಜೊತೆ ಹೊಲಕ್ಕೆ ಹೋಗುವ ಮಕ್ಕಳಿಗೆ ಆ ಗಡುವು ಇನ್ನೂ ಹತ್ತಿರ.

ಹಾಗಾದರೆ ಮಗ್ಗಿ ಬಾಯಿಪಾಠ ತಪ್ಪೇ? ಖಂಡಿತ ಅಲ್ಲ. ಉತ್ತರ ನಾಲಿಗೆಯ ತುದಿಯಲ್ಲಿದ್ದರೆ ಬುದ್ಧಿ ಮುಂದಿನ ಹೆಜ್ಜೆಯ ಕಡೆ ಹೋಗುತ್ತದೆ. ತಪ್ಪು ಇರುವುದು ಮಗ್ಗಿಯನ್ನು ಹಾಡಿನಂತೆ ಕಲಿಸಿ ಅಲ್ಲಿಗೇ ಬಿಡುವುದರಲ್ಲಿ. 1ರಿಂದ 10ರವರೆಗಿನ ಮಗ್ಗಿಗಳಲ್ಲಿ ಇರುವುದು 100 ಸಾಲು. 7 × 8 ಮತ್ತು 8 × 7 ಒಂದೇ ಎಂದು ತಿಳಿದರೆ ಉಳಿಯುವುದು 55. ಸುಲಭವಾದ 1, 2, 5, 10ರ ಮಗ್ಗಿ ತೆಗೆದರೆ ಕಷ್ಟದವು ಬರೀ 21! ಅದರಲ್ಲೂ ಏಳೆಂಟ್ಲೆ ಮರೆತರೆ ಐದೆಂಟ್ಲೆ 40, ಎರಡೆಂಟ್ಲೆ 16, ಕೂಡಿದರೆ 56.

ಅಕ್ಕನ ಮಗನಿಗೆ ಆ 21 ಲೆಕ್ಕಗಳನ್ನು ಚೀಟಿಯಲ್ಲಿ ಬರೆದು, ಕಲಸಿ, ದಿನಕ್ಕೆ ಹತ್ತು ನಿಮಿಷ ಕೇಳಿದೆ. ತಪ್ಪಿದ ಚೀಟಿ ಮರುದಿನ ಮತ್ತೆ ಬರುತ್ತಿತ್ತು. ಸಂಜೆ ಅಂಗಡಿ ಸಾಮಾನಿನ ಲೆಕ್ಕ ಅವನದೇ; ಮನೆಗೆ ಬಂದು ಅದನ್ನೇ ನೋಟ್‌ಬುಕ್‌ನಲ್ಲಿ ಬರೆಯಬೇಕು. ಮೂರು ವಾರದಲ್ಲಿ ಬೆರಳು ಮಡಚುವುದು ಬಹುಪಾಲು ನಿಂತಿತು. ಆರರ ಮಗ್ಗಿಯಲ್ಲಿ ಈಗಲೂ ಎಡವುತ್ತಾನೆ.

ಎಲ್ಲ ಮಕ್ಕಳಿಗೂ ಹೀಗೆ ಕೂರಿಸಿ ಕೇಳುವವರು ಮನೆಯಲ್ಲಿ ಇರುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಮಗೂ ಕ್ಯಾಲ್ಕುಲೇಟರ್ ಇಲ್ಲದ ಲೆಕ್ಕದ ಅಭ್ಯಾಸ ಬೇಕಲ್ಲವೇ? ಓಣಿಯ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹತ್ತು ನಿಮಿಷ ಚೀಟಿ ಎತ್ತಿದರೆ, ಅವರ ಜೊತೆ ನಮ್ಮ ಮಗ್ಗಿಯೂ ಗಟ್ಟಿಯಾಗುತ್ತದೆ.